ಬಡ್ಡಿ ಇಳಿದದ್ದು ಯಾರಿಗಾಗಿ?

2025ನೆಯ ಇಸವಿಯಲ್ಲಿ ರಿಝರ್ವ್ ಬ್ಯಾಂಕು ತನ್ನ ಬಡ್ಡಿಯ ದರವನ್ನು ನಾಲ್ಕು ಸಲ ಇಳಿಸಿತು. ಬ್ಯಾಂಕುಗಳಿಗೆ ತಾನು ಕೊಡುವ ಕೈಗಡಕ್ಕೆ ಅದು ಹಾಕುವ ಬಡ್ಡಿಗೆ ರೆಪೊ ಎಂದು ಹೆಸರು. ವರ್ಷದ ಮೊದಲಿಗೆ ಅದು ಶೇಕಡಾ 6.50 ಇತ್ತು. ಫೆಬ್ರುವರಿ 7ಕ್ಕೆ 6.25 ಆಯಿತು, ಎಪ್ರಿಲ್ 9ಕ್ಕೆ 6.00, ಜೂನ್ 6ಕ್ಕೆ 5.50; ಡಿಸೆಂಬರ್ 5ಕ್ಕೆ 5.25. ಹತ್ತು ತಿಂಗಳಲ್ಲಿ ನೂರಕ್ಕೆ ಒಂದೂಕಾಲು ರೂಪಾಯಿ ಇಳಿಯಿತು. ಪ್ರತಿ ಸಲವೂ ಆ ಸುದ್ದಿ ಮುಂಬಯಿಯ ಶೇರು ಪೇಟೆಗೆ ಮುಟ್ಟಲು ಒಂದು ನಿಮಿಷ ಹಿಡಿಯಲಿಲ್ಲ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಸಂಘದ ಸಾಲ ತೆಗೆದು ವಾರದ ಕಂತು ಕಟ್ಟುತ್ತಿರುವ ಹೆಣ್ಣುಮಗಳ ಕಂತಿನಲ್ಲಿ ಮಾತ್ರ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಒಂದೇ ದೇಶ, ಒಂದೇ ರಿಝರ್ವ್ ಬ್ಯಾಂಕು, ಒಂದೇ ಪ್ರಕಟಣೆ. ಒಬ್ಬನಿಗೆ ನಿಮಿಷದಲ್ಲಿ ಲಾಭ. ಇನ್ನೊಬ್ಬಳಿಗೆ ಏನೂ ಇಲ್ಲ. ಇದು ಯಾವ ನ್ಯಾಯ?

ಬಡ್ಡಿಯ ದರವೆಂಬುದು ದೇಶದ ಜನರೆಲ್ಲರ ಸೊತ್ತು. ಅದನ್ನು ಏರಿಸುವ ಇಳಿಸುವ ಕೆಲಸ ಮಲಪ್ರಭೆಯ ಕಾಲುವೆಯ ಬಾಗಿಲು ಎತ್ತುವ ಇಳಿಸುವ ಕೆಲಸದಂಥದು. ಬಾಗಿಲು ಎತ್ತಿದ ಮೇಲೆ ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟಿತೇ ಎಂದು ಕೇಳುವುದು ಆಳುವವರ ಕರ್ತವ್ಯ. ಆದರೆ ಈಗ ನಡೆದಿರುವುದೇನು? ತುದಿಯ ಹೊಲದ ಮಾತು ಎತ್ತುವವರಿಲ್ಲ. ಬಾಗಿಲನ್ನು ಯಾವ ದಿನ ಎತ್ತುತ್ತಾರೆ, ಎಷ್ಟು ಅಂಗುಲ ಎತ್ತುತ್ತಾರೆ ಎಂದು ದಂಡೆಯ ಮೇಲೆ ಕುಳಿತು ಪಂದ್ಯ ಕಟ್ಟುವವರದೇ ಗದ್ದಲ. ಪತ್ರಿಕೆಗಳೂ ಅವರದೇ ಗದ್ದಲವನ್ನು ದೇಶದ ಆರ್ಥಿಕ ಸುದ್ದಿಯೆಂದು ಅಚ್ಚು ಹಾಕುತ್ತವೆ. ಈ ಪಂದ್ಯದ ಬಂಡವಾಳ ಎಲ್ಲಿಂದ ಬರುತ್ತದೆ, ಸೋಲು ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಓದುಗರ ಮುಂದಿಡುವುದು ಅವಶ್ಯವಾಗಿದೆ.

ಜಾಕ್ಸನ್ ಹೋಲಿನಿಂದ ಹುಬ್ಬಳ್ಳಿಗೆ

ಪಂದ್ಯ ನಮ್ಮ ರಿಝರ್ವ್ ಬ್ಯಾಂಕಿನ ಮೇಲಷ್ಟೇ ನಡೆಯುವುದಿಲ್ಲ. ಅಮೇರಿಕೆಯ ಕೇಂದ್ರ ಬ್ಯಾಂಕಿಗೆ ಫೆಡರಲ್ ರಿಝರ್ವ್ ಎಂದು ಹೆಸರು. 2025ರ ಆಗಸ್ಟ್ 22ರಂದು ಅದರ ಮುಖ್ಯಸ್ಥ ಜೆರೋಮ್ ಪಾವೆಲ್ ಅವರು ಜಾಕ್ಸನ್ ಹೋಲ್ ಎಂಬ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಭಾಷಣ ಮಾಡಿ, ಬಡ್ಡಿ ಇಳಿಸುವ ಕಾಲ ಬರಬಹುದೆಂಬ ಸೂಚನೆ ಕೊಟ್ಟರು. ಅದಾದ ಮೇಲೆ ನಮ್ಮ ಪೇಟೆ ತೆರೆದದ್ದು ಆಗಸ್ಟ್ 25ರ ಸೋಮವಾರ. ಅಂದು ಇನ್ಫೋಸಿಸ್, ಟಿ.ಸಿ.ಎಸ್. ಮೊದಲಾದ ಐ.ಟಿ. ಕಂಪನಿಗಳ ಶೇರುಗಳ ಸೂಚ್ಯಂಕ ಒಂದೇ ದಿನಕ್ಕೆ ಶೇಕಡಾ ಎರಡಕ್ಕಿಂತ ಹೆಚ್ಚು ಏರಿತು. ಆ ಕಂಪನಿಗಳಲ್ಲಿ ಶನಿವಾರ ರವಿವಾರ ಯಾರೂ ಹೊಸದೇನನ್ನೂ ಕಂಡುಹಿಡಿದಿರಲಿಲ್ಲ. ಒಬ್ಬ ಮನುಷ್ಯ ಒಂದು ಮಾತು ಆಡಿದ್ದ, ಅಷ್ಟೆ.

ಇದರ ಮರ್ಮವನ್ನು ಬಿಡಿಸಿ ಹೇಳಬೇಕು. ಬಡ್ಡಿ ಇಳಿದರೆ ಠೇವಣಿಗೂ ಸಾಲಪತ್ರಕ್ಕೂ ಸಿಗುವ ಆದಾಯ ಕಡಿಮೆಯಾಗುತ್ತದೆ; ಹಣವಂತರ ಹಣ ಶೇರಿನ ಕಡೆಗೆ ಓಡುತ್ತದೆ. ಹತ್ತು ವರ್ಷದ ಮೇಲೆ ಬರಬಹುದಾದ ಲಾಭಕ್ಕೆ ಇಂದು ಕಟ್ಟುವ ಬೆಲೆಯೂ ಹೆಚ್ಚುತ್ತದೆ. ತಂತ್ರಜ್ಞಾನದ ಕಂಪನಿಗಳ ಶೇರಿಗೆ ಕಟ್ಟುವ ಬೆಲೆಯಲ್ಲಿ ಇಂದಿನ ಲಾಭಕ್ಕಿಂತ ನಾಳಿನ ಆಸೆಯ ಪಾಲೇ ದೊಡ್ಡದು. ಆದುದರಿಂದ ಬಡ್ಡಿಯ ಸುದ್ದಿಗೆ ಅವು ಬೇಗ ಕುಣಿಯುತ್ತವೆ. ನಮ್ಮ ಐ.ಟಿ. ಕಂಪನಿಗಳಿಗೆ ಇನ್ನೊಂದು ಕಾರಣವೂ ಇದೆ. ಇನ್ಫೋಸಿಸ್ಸಿನ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಅಮೇರಿಕೆಯಿಂದ ಬರುತ್ತದೆ. ಗಿರಾಕಿಗಳಲ್ಲಿ ಬ್ಯಾಂಕುಗಳದೇ ದೊಡ್ಡ ಪಾಲು. ಅಲ್ಲಿ ಬಡ್ಡಿ ಇಳಿದರೆ ಅವರು ಕೈ ಬಿಚ್ಚಿ ಖರ್ಚು ಮಾಡಿಯಾರು, ಇಲ್ಲಿ ಕೆಲಸ ಬಂದೀತು ಎಂಬ ಲೆಕ್ಕ. ಮೇಲಾಗಿ ಈ ಕಂಪನಿಗಳು ಗಳಿಸುವುದು ಡಾಲರಿನಲ್ಲಿ, ಸಂಬಳ ಕೊಡುವುದು ಬಹುಮಟ್ಟಿಗೆ ರೂಪಾಯಿಯಲ್ಲಿ. 2025ರ ಡಿಸೆಂಬರ್ 3ರಂದು ಒಂದು ಡಾಲರಿಗೆ 90 ರೂಪಾಯಿ ದಾಟಿತು. ರೂಪಾಯಿ ಬಿದ್ದರೆ ಅಡುಗೆಯ ಎಣ್ಣೆ ಕೊಳ್ಳುವವನಿಗೆ ಕಷ್ಟ, ಐ.ಟಿ. ಶೇರು ಹಿಡಿದವನಿಗೆ ಹಬ್ಬ.

ಈ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಅರ್ಧ ನಿಜ ಸುಳ್ಳಿಗಿಂತ ಹೆಚ್ಚು ಅಪಾಯದ್ದು. ಅದೇ ಸಪ್ಟೆಂಬರ್ 19ರಂದು ಅಮೇರಿಕೆಯ ಅಧ್ಯಕ್ಷರು ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂದು ಆಜ್ಞೆ ಹೊರಡಿಸಿದರು. ಪೇಟೆ ತೆರೆದೊಡನೆ ಅವೇ ಶೇರುಗಳು ಜಾರಿದವು. ಆ ವರ್ಷ ಫೆಡರಲ್ ರಿಝರ್ವ್ ಮೂರು ಸಲ ಬಡ್ಡಿ ಇಳಿಸಿತು, ನಮ್ಮ ರಿಝರ್ವ್ ಬ್ಯಾಂಕು ನಾಲ್ಕು ಸಲ ಇಳಿಸಿತು. ಆದರೂ ವರ್ಷದ ಕೊನೆಗೆ ಐ.ಟಿ. ಸೂಚ್ಯಂಕ ಮೊದಲಿಗಿಂತ ಶೇಕಡಾ ಹತ್ತಕ್ಕೂ ಹೆಚ್ಚು ಕೆಳಗಿತ್ತು. ಏಳು ಸಲ ಬಡ್ಡಿ ಇಳಿದರೂ ಆಸೆ ಕೈಗೂಡಲಿಲ್ಲ. "ಅಮೇರಿಕಾದಾಗ ಬಡ್ಡಿ ಇಳೀತದಂತ, ಐ.ಟಿ. ಹಿಡೀಲೇ" ಎಂದು ಚಹಾದಂಗಡಿಯಲ್ಲಿ ಗೆಳೆಯನಿಗೆ ಬುದ್ಧಿ ಹೇಳಿದವರು ಇದನ್ನು ಗಮನಿಸಿದ್ದಾರೆಯೇ?

ನಮ್ಮ ಹತ್ತಿಯ ಕತೆ

ದೂರದ ದೇಶದ ಸುದ್ದಿಗೆ ನಮ್ಮ ನಾಡು ಕುಣಿದು ಕೆಟ್ಟದ್ದು ಇದೇ ಮೊದಲಲ್ಲ. ಧಾರವಾಡ ಜಿಲ್ಲೆಯ ಹಿರಿಯರ ಕಾಲದಲ್ಲೇ ಆ ಪಾಠ ಆಗಿಹೋಗಿದೆ.

1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹತ್ತಿತು. ದಕ್ಷಿಣದ ಬಂದರುಗಳು ಮುಚ್ಚಿ, ಇಂಗ್ಲಂಡಿನ ಲ್ಯಾಂಕಶಾಯರ್ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಕಂಪನಿ ಸರಕಾರ ನಮ್ಮ ಜಿಲ್ಲೆಯಲ್ಲಿ ಮೊದಲೇ ಬೆಳೆಸಿದ್ದ ಅಮೇರಿಕನ್ ತಳಿಯ ಹತ್ತಿಗೆ ಧಾರವಾಡ-ಅಮೇರಿಕನ್ ಎಂದೇ ಹೆಸರು ಬಿದ್ದಿತ್ತು. ಹುಬ್ಬಳ್ಳಿ, ಗದಗಗಳ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಬೆಲೆ ಹಲವು ಪಟ್ಟು ಏರಿತು. ರೈತನ ಕೈಯಲ್ಲಿ ನಾಲ್ಕು ಬೆಳ್ಳಿಯ ರೂಪಾಯಿ ಆಡಿದ್ದು ನಿಜ. ಆದರೆ ಹೊಳೆಯಾಗಿ ಹರಿದ ಹಣ ನಿಂತದ್ದು ಮುಂಬಯಿಯ ದಲ್ಲಾಳಿಗಳಲ್ಲಿ. ಪ್ರೇಮಚಂದ ರಾಯಚಂದರ ಕಾಲ ಅದು. ಸಮುದ್ರ ತುಂಬಿ ನೆಲ ಮಾಡುತ್ತೇವೆಂದು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಶೇರು 50,000ದ ಹತ್ತಿರಕ್ಕೆ ಹೋಯಿತು. ಬ್ಯಾಂಕ್ ಆಫ್ ಬಾಂಬೆ ಶೇರಿನ ಆಧಾರದ ಮೇಲೆ ಸಾಲ ಸುರಿಯಿತು.

1865ರ ಎಪ್ರಿಲಿನಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಜುಲೈ 1ಕ್ಕೆ ವಾಯದೆಯ ಕರಾರುಗಳು ತೀರಬೇಕಾಗಿತ್ತು. ತೀರಿಸಲು ಯಾರ ಕೈಯಲ್ಲೂ ಹಣವಿರಲಿಲ್ಲ. ಐವತ್ತು ಸಾವಿರದ ಶೇರು ಎರಡು ಸಾವಿರಕ್ಕೂ ಬೇಡವಾಯಿತು. ಬ್ಯಾಂಕ್ ಆಫ್ ಬಾಂಬೆಯೂ ಮುಳುಗಿತು. ಮುಂಬಯಿಯ ಶೇಟಜಿಗಳಲ್ಲಿ ಕೆಲವರು ದಿವಾಳಿ ತೆಗೆದರು, ಕೆಲವರು ಮತ್ತೆ ಎದ್ದರು. ಆದರೆ ಜೋಳದ ಹೊಲಕ್ಕೆ ಹತ್ತಿ ಹಾಕಿದ್ದ ರೈತ ಸಾಲದೊಡನೆ ಉಳಿದ. ಇನ್ನು ಹನ್ನೊಂದು ವರ್ಷಕ್ಕೆ 1876–78ರ ಬರ ಬಂದಾಗ ಈ ಜಿಲ್ಲೆ ಏನು ಅನುಭವಿಸಿತೆಂಬುದು ಇತಿಹಾಸಕ್ಕೆ ಗೊತ್ತಿದೆ. ಅಂದು ಹಡಗಿನಲ್ಲಿ ಸುದ್ದಿ ಬರುತ್ತಿತ್ತು. ಇಂದು ಕಿಸೆಯ ಮೊಬೈಲಿಗೆ ಬರುತ್ತದೆ. ಬೇರೇನೂ ಬದಲಾಗಿಲ್ಲ.

ಹನ್ನೊಂದು ಸಲ ಇಳಿಸಿದರೂ

ಹತ್ತಿಯದು ಹಳೆಯ ಮಾತಾಯಿತು ಎನ್ನುವವರಿಗೆ ನಮ್ಮ ಕಣ್ಣೆದುರಿಗಿನ ಮಾತನ್ನೇ ಹೇಳೋಣ. 2000ದ ಮಾರ್ಚ್ 10ರಂದು ಅಮೇರಿಕೆಯ ತಂತ್ರಜ್ಞಾನ ಶೇರುಗಳ ನಾಸ್ಡಾಕ್ ಸೂಚ್ಯಂಕ 5,048ಕ್ಕೆ ಮುಟ್ಟಿತ್ತು. ಕೂಡಲೇ ಕುಸಿತ ಸುರುವಾಯಿತು. ಬಡ್ಡಿ ಇಳಿಸಿದರೆ ಪೇಟೆ ಚೇತರಿಸೀತೆಂದು ಎಲ್ಲರೂ ಕೂಗಿದರು. ಫೆಡರಲ್ ರಿಝರ್ವ್ 2001ನೆಯ ಒಂದೇ ವರ್ಷದಲ್ಲಿ ಹನ್ನೊಂದು ಸಲ ಬಡ್ಡಿ ಇಳಿಸಿತು, ಶೇಕಡಾ 6.5 ಇದ್ದದ್ದನ್ನು 1.75ಕ್ಕೆ ತಂದಿತು. ಆದರೂ 2002ರ ಅಕ್ಟೋಬರ್ 9ಕ್ಕೆ ಆ ಸೂಚ್ಯಂಕ 1,114. ನೂರರಲ್ಲಿ ಎಪ್ಪತ್ತೆಂಟು ಪಾಲು ಹೋಗಿತ್ತು. ಕೇಂದ್ರ ಬ್ಯಾಂಕು ಬಡ್ಡಿ ಇಳಿಸುವುದು ಅನೇಕ ಸಲ ಮನೆಗೆ ಬೆಂಕಿ ಬಿದ್ದುದರ ಗುರುತು. ಗಂಟೆ ಬಾರಿಸುತ್ತ ಬರುವ ಬಂಬನ್ನು ಕಂಡು ಜಾತ್ರೆಯ ತೇರು ಬಂತೆಂದು ಕೈಮುಗಿಯುವವರಿಗೆ ಏನೆನ್ನಬೇಕು?

ಅದರ ಕಿಡಿ ನಮ್ಮ ದೇಶದಲ್ಲೂ ಬಿತ್ತು. ಕೇತನ ಪಾರೇಖ ಎಂಬ ದಲ್ಲಾಳಿ ತಂತ್ರಜ್ಞಾನದ ಶೇರುಗಳನ್ನು ಉಬ್ಬಿಸಲು ಅಹಮದಾಬಾದಿನ ಮಾಧವಪುರಾ ಸಹಕಾರಿ ಬ್ಯಾಂಕಿನ ಹಣವನ್ನು ಬಳಸಿದ. 2001ರಲ್ಲಿ ಬ್ಯಾಂಕು ಕುಸಿಯಿತು. ಅದೇ ವರ್ಷದ ಜುಲೈಯಲ್ಲಿ ಯುನಿಟ್ ಟ್ರಸ್ಟು ತನ್ನ ಯು.ಎಸ್. 64 ಯೋಜನೆಯ ಹಣ ಮರಳಿ ಕೊಡುವುದನ್ನು ಆರು ತಿಂಗಳು ನಿಲ್ಲಿಸಿತು. 1964ರಿಂದ ಮಾಸ್ತರರು, ಗುಮಾಸ್ತರು, ವಿಧವೆಯರು ಸರಕಾರದ ಹೆಸರು ನಂಬಿ ಅದರಲ್ಲಿ ಹಣ ಇಟ್ಟಿದ್ದರು. ಆ ಹಣ ತಂತ್ರಜ್ಞಾನದ ಶೇರಿಗೂ ಹೋಗಿದೆಯೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಓ.ಸಿ.ಗೆ ಲಾಠಿ, ಆಪ್ಷನ್ನಿಗೆ ಜಾಹೀರಾತು

ಅಂದು ಕೆಟ್ಟವರು ಕೊನೆಯ ಪಕ್ಷ ಶೇರನ್ನೋ ಯುನಿಟ್ಟನ್ನೋ ಕೊಂಡಿದ್ದರು. ಇಂದಿನ ಹುಡುಗರಿಗೆ ಅದೂ ಇಲ್ಲ. ಅವರು ಕೊಳ್ಳುವುದು ಆಪ್ಷನ್ನು. ಎಂದರೆ ಸೂಚ್ಯಂಕ ಇಂಥ ದಿನದೊಳಗೆ ಇಷ್ಟು ಏರುತ್ತದೆ, ಇಲ್ಲವೆ ಇಳಿಯುತ್ತದೆ ಎಂಬ ಕರಾರಿನ ಚೀಟಿ. ಸಂತೆಯ ಹಾಗೆ ವಾರಕ್ಕೊಮ್ಮೆ ಅದು ತೀರುತ್ತದೆ. ತೀರಿದ ದಿನ ಸೋತವನ ಚೀಟಿಗೆ ಬೆಲೆಯಿಲ್ಲ. ರಿಝರ್ವ್ ಬ್ಯಾಂಕಿನ ಪ್ರಕಟಣೆಯ ದಿನ, ಫೆಡರಲ್ ರಿಝರ್ವಿನ ಸಭೆಯ ಮರುದಿನ ಈ ಆಟಕ್ಕೆ ಎಲ್ಲಿಲ್ಲದ ಕಾವು.

ಇದರ ಫಲವನ್ನು ಶೇರು ಪೇಟೆಯ ಕಾವಲಿಗೆ ಸರಕಾರವೇ ನೇಮಿಸಿದ ಸೆಬಿ ಲೆಕ್ಕ ಹಾಕಿ ಹೇಳಿದೆ. 2024ರ ಸಪ್ಟೆಂಬರಿನಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ಆಟ ಆಡಿದ ಒಂದು ಕೋಟಿಗೂ ಮಿಕ್ಕ ಜನರಲ್ಲಿ ಶೇಕಡಾ 93 ಜನ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ತಲೆಗೆ ಸರಾಸರಿ ಎರಡು ಲಕ್ಷ. ಆಡಿದವರು ಯಾರು? ನಾಲ್ವರಲ್ಲಿ ಮೂವರು ವರ್ಷಕ್ಕೆ ಐದು ಲಕ್ಷದೊಳಗೆ ಆದಾಯವೆಂದು ಬರೆಸಿದವರು. ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇಕಡಾ 31ರಿಂದ 43ಕ್ಕೆ ಏರಿತು. ಶೇಕಡಾ 70ಕ್ಕೂ ಹೆಚ್ಚು ಜನ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು. ಕಮರಿಪೇಟೆಯಂಥ ಪೇಟೆಗಳಲ್ಲಿ ಅಂಗಡಿಯ ಲೆಕ್ಕ ಬರೆಯುವ, ಔಷಧದ ಡಬ್ಬಿ ಹೊರುವ, ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹುಡುಗರನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದಂತಿದೆ ಈ ಲೆಕ್ಕ.

ಗೆದ್ದವರು ಯಾರು? 2023–24ರ ಒಂದೇ ವರ್ಷದಲ್ಲಿ ಸ್ವಂತ ಬಂಡವಾಳದಿಂದ ಆಡುವ ದೊಡ್ಡ ದಲ್ಲಾಳಿ ಕಂಪನಿಗಳಿಗೆ ಸುಮಾರು 33,000 ಕೋಟಿ, ಪರದೇಶದ ಹೂಡಿಕೆದಾರರಿಗೆ ಸುಮಾರು 28,000 ಕೋಟಿ ರೂಪಾಯಿಯ ಲಾಭ. ಅವರು ಬೆರಳಿನಿಂದ ಆಡುವವರಲ್ಲ; ಅವರ ಲಾಭದ ಹೆಚ್ಚಿನ ಪಾಲನ್ನು ಗಳಿಸಿಕೊಟ್ಟದ್ದು ಯಂತ್ರ. ಅಮೇರಿಕೆಯ ಜೇನ್ ಸ್ಟ್ರೀಟ್ ಎಂಬ ಕಂಪನಿ ಬೆಳಿಗ್ಗೆ ಬ್ಯಾಂಕುಗಳ ಶೇರು ಕೊಂಡು ಸೂಚ್ಯಂಕ ಎತ್ತಿ, ಮಧ್ಯಾಹ್ನ ಮಾರಿ ಕೆಡವಿ, ಆಪ್ಷನ್ನಿನಲ್ಲಿ ದೋಚಿತೆಂದು 2025ರ ಜುಲೈ 3ರ ಆದೇಶದಲ್ಲಿ ಸೆಬಿ ಆರೋಪಿಸಿ, 4,843 ಕೋಟಿ ರೂಪಾಯಿಯನ್ನು ತಡೆಹಿಡಿಯಿತು. ಕಂಪನಿ ಆರೋಪವನ್ನು ನಿರಾಕರಿಸಿ ಮೇಲ್ಮನವಿ ಸಲ್ಲಿಸಿತು. ತೀರ್ಪು ಏನೇ ಬರಲಿ, ಒಂದು ಮಾತು ಸ್ಪಷ್ಟ: ಎದುರಿಗೆ ಯಾರು ಕುಳಿತಿದ್ದಾರೆಂದು ಗೊತ್ತಿಲ್ಲದ ಎಲೆಯಾಟಕ್ಕೆ ನಮ್ಮ ಹುಡುಗರು ಕುಳಿತಿದ್ದಾರೆ.

2024ರ ನವೆಂಬರಿನಿಂದ ಸೆಬಿ ವಾರದ ಆಪ್ಷನ್ನುಗಳನ್ನು ಕಡಿಮೆ ಮಾಡಿತು, ಕರಾರಿನ ಗಾತ್ರ ಹೆಚ್ಚಿಸಿತು. ಸರಿಯೇ. ಆದರೂ 2024–25ರಲ್ಲಿ ಶೇಕಡಾ 91 ಜನ ಸೋತರು. ನಷ್ಟ 1,05,603 ಕೋಟಿಗೆ ಏರಿತು. ಓ.ಸಿ. ಚೀಟಿ ಬರೆಯುವವನನ್ನು ಪೊಲೀಸರು ಕೊರಳಪಟ್ಟಿ ಹಿಡಿದು ಠಾಣೆಗೆ ಒಯ್ಯುತ್ತಾರೆ. ಮೊಬೈಲಿನ ರಮ್ಮಿಯನ್ನೂ ಪಣದ ಆಟಗಳನ್ನೂ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯದೆ ಮಾಡಿ ನಿಷೇಧಿಸಿತು. ನೂರಕ್ಕೆ ತೊಂಬತ್ತೊಂದು ಜನ ಸೋಲುವ ಈ ಆಟಕ್ಕೆ ಮಾತ್ರ ಹೂಡಿಕೆ ಎಂಬ ಗೌರವದ ಹೆಸರು. ಸರಕಾರ ಪ್ರತಿ ಚೀಟಿಯ ಮೇಲೆ ತೆರಿಗೆ ಎತ್ತುತ್ತದೆ. ಬಡವನ ಜೂಜಿಗೆ ಲಾಠಿ, ದೊಡ್ಡವರ ಜೂಜಿಗೆ ಲೈಸನ್ಸು!

ರೈತನ ನಷ್ಟ, ಪೇಟೆಯ ಹಬ್ಬ

ಇನ್ನು ಈ ಬಡ್ಡಿ ಇಳಿಯಲು ಕಾರಣವೇನಾಯಿತೆಂಬುದನ್ನು ನೋಡೋಣ. ಬೆಲೆಯೇರಿಕೆಯನ್ನು ವರ್ಷಕ್ಕೆ ಶೇಕಡಾ 4ರ ಸುತ್ತ ಇಡಬೇಕೆಂದು ರಿಝರ್ವ್ ಬ್ಯಾಂಕಿಗೆ ಕಾಯದೆಯ ಕಟ್ಟಳೆ ಇದೆ. 2025ರ ಅಕ್ಟೋಬರಿನಲ್ಲಿ ಬೆಲೆಯೇರಿಕೆ 0.25ಕ್ಕೆ ಇಳಿಯಿತು. ಬಡ್ಡಿ ಇಳಿಸಲು ಜಾಗ ಸಿಕ್ಕಿತೆಂದು ಪೇಟೆಯಲ್ಲಿ ಜಯಘೋಷ. ಆದರೆ ಅಷ್ಟು ಇಳಿದದ್ದು ಯಾವುದರ ಬೆಲೆ? ಮುಖ್ಯವಾಗಿ ತರಕಾರಿಯದು, ಬೇಳೆಕಾಳಿನದು. ಎಂದರೆ ರೈತ ಬೆಳೆದದ್ದರ ಬೆಲೆ. ಶಾಲೆಯ ಫೀ, ಆಸ್ಪತ್ರೆಯ ಖರ್ಚು ಹಾಗೆ ಬೀಳಲಿಲ್ಲ.

ಅದೇ ನವೆಂಬರಿನಲ್ಲಿ ನಮ್ಮ ಪಕ್ಕದ ಲಕ್ಷ್ಮೇಶ್ವರದಲ್ಲಿ ಗೋವಿನಜೋಳದ ರೈತರು ಬೀದಿಗೆ ಇಳಿದರು. ಕೇಂದ್ರ ಸರಕಾರವೇ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯಲ್ಲಿ ಸಿಕ್ಕಿದ್ದು 1,600ರಿಂದ 1,800. ಹೆಸರಿಗೆ ಬೆಂಬಲ ಬೆಲೆ 8,768. ಸಿಕ್ಕಿದ್ದು 5,400ರ ಆಸುಪಾಸು. ಡಿಸೆಂಬರ್ 5ಕ್ಕೆ ರಿಝರ್ವ್ ಬ್ಯಾಂಕು ಬಡ್ಡಿ ಇಳಿಸಿತು. ರೈತನ ಕಾಳು ಮಣ್ಣುಪಾಲಾದದ್ದನ್ನು ಲೆಕ್ಕದ ಪುಸ್ತಕದಲ್ಲಿ ಬೆಲೆಯೇರಿಕೆ ಹತೋಟಿಗೆ ಬಂತೆಂದು ಬರೆದರು. ಅದರ ಮೇಲೆ ಮುಂಬಯಿಯಲ್ಲಿ ಪಂದ್ಯ ಗೆದ್ದರು. ಬಡ್ಡಿಯ ದರ ನಿರ್ಧರಿಸುವ ಸಮಿತಿಯಲ್ಲಿ ಆರು ಜನ: ಮೂವರು ರಿಝರ್ವ್ ಬ್ಯಾಂಕಿನವರು, ಮೂವರು ಸರಕಾರ ಹೆಸರಿಸಿದ ಅರ್ಥಶಾಸ್ತ್ರ ಬಲ್ಲವರು. ಅದರಲ್ಲಿ ಒಬ್ಬ ರೈತನಿಲ್ಲ, ಒಬ್ಬ ಕಾರ್ಮಿಕನಿಲ್ಲ. ಗೋವಿನಜೋಳದ ಮಾತನ್ನು ಅಲ್ಲಿ ಎತ್ತುವವರು ಯಾರು?

ಕಾಲುವೆಯ ತುದಿಯಲ್ಲಿ

ಬಾಗಿಲು ಎತ್ತಿದ್ದಾಯಿತು, ನೀರು ಹರಿದದ್ದೂ ಆಯಿತು. ಜೂನ್ ತಿಂಗಳಲ್ಲಿ ರಿಝರ್ವ್ ಬ್ಯಾಂಕು ಬಡ್ಡಿಯ ಜೊತೆಗೆ ಬ್ಯಾಂಕುಗಳು ತನ್ನಲ್ಲಿ ಇಡಬೇಕಾದ ಕಡ್ಡಾಯ ಠೇವಣಿಯನ್ನೂ ಕಡಿಮೆ ಮಾಡಿ, 2.5 ಲಕ್ಷ ಕೋಟಿ ರೂಪಾಯಿಯನ್ನು ಬ್ಯಾಂಕುಗಳ ಕೈಗೆ ಬಿಡುವುದಾಗಿ ಸಾರಿತು. ತುದಿಯ ಹೊಲಕ್ಕೆ ಎಷ್ಟು ಬಂತು?

ಉಳಿತಾಯ ಮಾಡುವ ಬಡವನಿಗೆ ಬಂದದ್ದು ಕಡಿತ. ಸ್ಟೇಟ್ ಬ್ಯಾಂಕು ಉಳಿತಾಯ ಖಾತೆಯ ಬಡ್ಡಿಯನ್ನು ಶೇಕಡಾ 2.70ರಿಂದ 2.50ಕ್ಕೆ ಇಳಿಸಿತು. ಲಕ್ಷ ರೂಪಾಯಿ ಇಟ್ಟ ಮುದುಕಿಗೆ ವರ್ಷಕ್ಕೆ 200 ರೂಪಾಯಿ ಖೋತಾ. ಬಡ್ಡಿ ಇಳಿಕೆ ಅವಳನ್ನು ಮಾತ್ರ ಎಷ್ಟು ಬೇಗ ಹುಡುಕಿಕೊಂಡು ಬಂತು ನೋಡಿ!

ಸಾಲ ಮಾಡಿದ ಬಡವಳಿಗೆ ಏನೂ ಬರಲಿಲ್ಲ. ಮೈಕ್ರೋ ಫೈನಾನ್ಸ್ ಕಂಪನಿಗಳ ಬಡ್ಡಿ ಶೇಕಡಾ ಇಪ್ಪತ್ತನ್ನು ದಾಟಿದ್ದು. ಆ ಸಾಲಕ್ಕೆ ಕಂತು ಮೊದಲೇ ಗೊತ್ತುಮಾಡಿದ್ದು. ರೆಪೊ ಇಳಿದರೂ ಅದು ಇಳಿಯುವುದಿಲ್ಲ. ಮೊದಲು ಆ ಬಡ್ಡಿಗೆ ಒಂದು ಮಿತಿ ಇತ್ತು. 2022ರ ಎಪ್ರಿಲ್ 1ರಿಂದ ರಿಝರ್ವ್ ಬ್ಯಾಂಕೇ ಆ ಮಿತಿಯನ್ನು ತೆಗೆದುಹಾಕಿತು. ಎರಡೂವರೆ ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಬಡ್ಡಿ ಮಿತಿಮೀರಿದೆಯೆಂದು ನಾಲ್ಕು ಕಂಪನಿಗಳು ಹೊಸ ಸಾಲ ಕೊಡದಂತೆ ತಾನೇ ತಡೆದು, ಕೆಲವೇ ತಿಂಗಳಲ್ಲಿ ತಡೆಯನ್ನು ಬಿಟ್ಟುಕೊಟ್ಟಿತು. ಬೇಲಿ ಕಿತ್ತವರೂ ಅವರೇ, ದನ ನುಗ್ಗಿತೆಂದು ಕೂಗಿದವರೂ ಅವರೇ. ವಸೂಲಿಯ ಕಿರುಕುಳಕ್ಕೆ ಜನ ಊರು ಬಿಡುವ, ಪ್ರಾಣ ಬಿಡುವ ಹಂತ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆಮನೆಯೆಂದು ವಿಧಿಸಿತು. ಒಳ್ಳೆಯ ಕೆಲಸ. ಆದರೆ ರಿಝರ್ವ್ ಬ್ಯಾಂಕಿನ ಲೈಸನ್ಸು ಪಡೆದ ಕಂಪನಿಯ ಬಡ್ಡಿಯ ದರಕ್ಕೆ ಅಂಕೆ ಹಾಕುವುದು ರಾಜ್ಯ ಸರಕಾರದ ಕೈಯಲ್ಲಿಲ್ಲ; ಅದು ರಿಝರ್ವ್ ಬ್ಯಾಂಕಿನ ಕೈಯಲ್ಲಿದೆ. ಆ ಕೈ ಐದೂಕಾಲಕ್ಕೆ ಬ್ಯಾಂಕಿಗೆ ಕೈಗಡ ಕೊಡುತ್ತದೆ. ಇಪ್ಪತ್ತಕ್ಕೂ ಮಿಕ್ಕಿ ಬಡವಳಿಂದ ಎತ್ತುವವನನ್ನು ನೋಡಿ ಸುಮ್ಮನಿರುತ್ತದೆ.

ಗೋಕುಲ ರಸ್ತೆಯ ಪಾಠ

ಐ.ಟಿ. ಶೇರು ಏರಿದರೆ ನಾಡಿಗೆ ಉದ್ಯೋಗ ಬರುತ್ತದೆ, ಆದ್ದರಿಂದ ಸಂತೋಷಪಡಬೇಕು ಎನ್ನುವ ಮಾತನ್ನೂ ನಾವು ಕೇಳುತ್ತೇವೆ. ಹುಬ್ಬಳ್ಳಿಯವರು ಈ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಇನ್ಫೋಸಿಸ್ಸಿಗೆ ಭೂಮಿ ಕೊಟ್ಟದ್ದಾಯಿತು. ಕಟ್ಟಡ ಎದ್ದ ಮೇಲೂ ಅದು ವರ್ಷಗಟ್ಟಲೆ ಖಾಲಿ ನಿಂತಿತ್ತು; ಕೆಲಸ ಸುರುಮಾಡಿರೆಂದು ಊರಿನವರೇ ಒತ್ತಾಯದ ಚಳವಳಿ ಹೂಡಬೇಕಾಯಿತು. 2024ರಲ್ಲಿಯೂ ಈ ಭಾಗದ ಶಾಸಕರೊಬ್ಬರು, ಉದ್ಯೋಗ ಕೊಡದಿದ್ದರೆ ಆ 58 ಎಕರೆಯನ್ನು ಮರಳಿ ಪಡೆಯಿರೆಂದು ವಿಧಾನಸಭೆಯಲ್ಲಿ ಕೇಳಿದರು. ಬೇರೆ ಊರುಗಳಿಂದ ಹುಬ್ಬಳ್ಳಿಗೆ ಬರುವ ನೌಕರರಿಗೆ ಎಂಟು ಲಕ್ಷದವರೆಗೆ ಪ್ರೋತ್ಸಾಹಧನವೆಂದು ಕಂಪನಿ ಪ್ರಕಟಿಸಿತು. ಇಲ್ಲಿಯೇ ಓದಿ ಇಲ್ಲಿಯೇ ಕೆಲಸವಿಲ್ಲದೆ ಕುಳಿತವರ ಮಾತೇನು?

2025ರ ಫೆಬ್ರುವರಿಯಲ್ಲಿ ಅದೇ ಕಂಪನಿ ಮೈಸೂರಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿಯ ಹುಡುಗ ಹುಡುಗಿಯರನ್ನು ಮನೆಗೆ ಕಳಿಸಿತು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲವೆಂಬುದು ಕಂಪನಿಯ ಸಮಜಾಯಿಷಿ. ಸಪ್ಟೆಂಬರಿನಲ್ಲಿ ತನ್ನದೇ ಶೇರುಗಳನ್ನು ಮರಳಿ ಕೊಳ್ಳಲು 18,000 ಕೋಟಿ ರೂಪಾಯಿ ತೆಗೆದಿಟ್ಟಿತು. ಟಿ.ಸಿ.ಎಸ್. ಹನ್ನೆರಡು ಸಾವಿರಕ್ಕೂ ಹೆಚ್ಚು ನೌಕರರನ್ನು ತೆಗೆಯುವುದಾಗಿ ಜುಲೈಯಲ್ಲಿ ಸಾರಿತು. ಇವೆಲ್ಲ ಕಾಯದೆಗೆ ವಿರುದ್ಧವೆಂದು ನಾವು ಹೇಳುತ್ತಿಲ್ಲ. ಶೇರುದಾರನ ಸುಖಕ್ಕೂ ದುಡಿಯುವವನ ಸುಖಕ್ಕೂ ಇರುವ ದಾರಿ ಬೇರೆ ಬೇರೆಯೆಂದಷ್ಟೇ ತೋರಿಸುತ್ತಿದ್ದೇವೆ. ಆಳು ಕಡಿಮೆಯಾದರೆ ಖರ್ಚು ಕಡಿಮೆ. ಖರ್ಚು ಕಡಿಮೆಯಾದರೆ ಶೇರಿಗೆ ಬೆಲೆ. ಹೀಗಿರುವಾಗ ಶೇರು ಏರಿದರೆ ಉದ್ಯೋಗ ಏರೀತೆಂಬ ನಂಬಿಕೆಗೆ ಆಧಾರವೆಲ್ಲಿ?

ಎರಡು ಆಕ್ಷೇಪಗಳು

ಮೊದಲನೆಯ ಆಕ್ಷೇಪ: "ಬಡ್ಡಿ ಹೆಚ್ಚೆಂದು ಕೂಗುವವರೂ ನೀವೇ, ಇಳಿಸಿದರೆ ಕೂಗುವವರೂ ನೀವೇ." ಬಡ್ಡಿ ಇಳಿದದ್ದಕ್ಕೆ ನಮ್ಮ ತಕರಾರಿಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಮನೆ ಸಾಲವನ್ನೂ ಸಣ್ಣ ಉದ್ದಿಮೆಯ ಸಾಲವನ್ನೂ ಹೊರಗಿನ ದರಕ್ಕೆ ಕಟ್ಟಿಹಾಕಿದ್ದರಿಂದ, ಅಂಥ ಸಾಲವಿದ್ದವರಿಗೆ ಇಳಿಕೆ ಮುಟ್ಟಿದೆ. ಒಪ್ಪುತ್ತೇವೆ, ಸಂತೋಷವೂ ಇದೆ. ಆದರೆ ಅದೇ ಕಟ್ಟು ಸಂಘದ ಸಾಲಕ್ಕೆ ಏಕಿಲ್ಲ? ಮೂವತ್ತು ಲಕ್ಷದ ಮನೆ ಕಟ್ಟುವವನಿಗೆ ಇರುವ ರಕ್ಷಣೆ ಮೂವತ್ತು ಸಾವಿರ ತೆಗೆದು ಹೊಲಿಗೆ ಯಂತ್ರ ಕೊಳ್ಳುವವಳಿಗೆ ಏಕಿರಬಾರದು?

ಎರಡನೆಯದು: "ದೇಶದಲ್ಲಿ ಡಿಮ್ಯಾಟ್ ಖಾತೆಗಳು 2025ರ ಆಗಸ್ಟಿಗೆ ಇಪ್ಪತ್ತು ಕೋಟಿ ದಾಟಿದವು. ಶೇರು ಪೇಟೆಯೇ ಈಗ ಜನರ ಪೇಟೆಯಾಗಿದೆ. ಬಡವನೂ ಬಂಡವಾಳದಲ್ಲಿ ಪಾಲುದಾರ." ಇಪ್ಪತ್ತು ಕೋಟಿ ಖಾತೆಯೆಂದರೆ ಇಪ್ಪತ್ತು ಕೋಟಿ ಜನರೆಂದಲ್ಲ, ಒಬ್ಬನಿಗೇ ಎರಡು ಮೂರು ಇರಬಹುದು. ದುಡಿದು ಉಳಿಸಿದ ಹಣದಿಂದ ಒಳ್ಳೆಯ ಕಂಪನಿಯ ನಾಲ್ಕು ಶೇರು ಕೊಂಡು ಹತ್ತು ವರ್ಷ ಇಟ್ಟುಕೊಳ್ಳುವವನೊಡನೆ ನಮಗೆ ಜಗಳವಿಲ್ಲ. ಆದರೆ ಬಡವನನ್ನು ಪಾಲುದಾರನೆಂದು ಕರೆದು ಒಳಗೆ ಕೂಡಿಸಿ, ನೂರರಲ್ಲಿ ತೊಂಬತ್ತೊಂದು ಜನರ ಕಿಸೆ ಬರಿದು ಮಾಡಿ ಕಳಿಸುವುದಕ್ಕೆ ಪಾಲುದಾರಿಕೆ ಎನ್ನುವುದಿಲ್ಲ. ಈ ಪೇಟೆಯಲ್ಲಿ ಅವನು ಗಿರಾಕಿಯೂ ಅಲ್ಲ, ಸರಕು.

ನಮ್ಮ ಬೇಡಿಕೆ

ಸಾಲದ ವಿಷಯದಲ್ಲಿ ಈ ನಾಡು ದೇಶಕ್ಕೇ ದಾರಿ ತೋರಿಸಿದ್ದುಂಟು. 1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದಲ್ಲಿ ಅಂಥ ಸಂಘ ಅದೇ ಮೊದಲನೆಯದು. ಸಾವುಕಾರನ ಬಡ್ಡಿಗೆ ಉತ್ತರ ಊರಿನೊಳಗೇ ಇದೆಯೆಂದು ಅವರು ತೋರಿಸಿಕೊಟ್ಟರು. ಜನರ ಒತ್ತಾಯದ ಬಲದಿಂದಲೇ ಕರ್ನಾಟಕದಲ್ಲಿ ಸಹಕಾರಿ ಸಂಘಗಳ ಮೂಲಕ ರೈತನಿಗೆ ಬಡ್ಡಿಯಿಲ್ಲದ ಬೆಳೆ ಸಾಲ ಬಂತು. 2023ರಲ್ಲಿ ಅದರ ಮಿತಿಯನ್ನು ಐದು ಲಕ್ಷಕ್ಕೆ ಏರಿಸುವುದಾಗಿ ಸರಕಾರ ಸಾರಿತು. ಬಡ್ಡಿಯೆಂಬುದು ದೈವ ಬರೆದ ಬರೆಹವಲ್ಲ. ಮನುಷ್ಯರು ಗೊತ್ತುಮಾಡಿದ್ದನ್ನು ಮನುಷ್ಯರು ಬದಲಿಸಬಹುದು.

ಆದುದರಿಂದ ನಮ್ಮ ಬೇಡಿಕೆ ಇಷ್ಟು:

ಒಂದು: ಸಂಘದ ಸಾಲದ, ಮೈಕ್ರೋ ಫೈನಾನ್ಸಿನ ಬಡ್ಡಿಗೆ 2022ರಲ್ಲಿ ತೆಗೆದ ಮಿತಿಯನ್ನು ಮರಳಿ ಹಾಕಬೇಕು. ರೆಪೊ ಇಳಿದಾಗ ಆ ಕಂತೂ ಇಳಿಯಬೇಕು.

ಎರಡು: ವಾರಕ್ಕೊಮ್ಮೆ ತೀರುವ ಆಪ್ಷನ್ ಆಟವನ್ನು ಪೂರ್ತಿ ನಿಲ್ಲಿಸಬೇಕು. ರಮ್ಮಿಗೆ ಒಂದು ನ್ಯಾಯ, ಇದಕ್ಕೆ ಒಂದು ನ್ಯಾಯ ಸಲ್ಲದು.

ಮೂರು: ಬಡ್ಡಿಯ ದರ ನಿರ್ಧರಿಸುವ ಸಮಿತಿಯಲ್ಲಿ ರೈತರ, ಕಾರ್ಮಿಕರ ಪ್ರತಿನಿಧಿಗಳಿರಬೇಕು. ರೈತನ ಬೆಳೆಗೆ ಬೆಂಬಲ ಬೆಲೆ ಸಿಕ್ಕಿತೇ ಎಂಬ ಲೆಕ್ಕವನ್ನೂ ಬೆಲೆಯೇರಿಕೆಯ ಲೆಕ್ಕದ ಪಕ್ಕಕ್ಕೆ ಇಟ್ಟು ಅವರು ಮಾತಾಡಬೇಕು.

ನಾಲ್ಕು: ಉದ್ಯೋಗದ ಮಾತು ಕೊಟ್ಟು ಸರಕಾರದಿಂದ ಭೂಮಿ ಪಡೆದ ಪ್ರತಿ ಕಂಪನಿಯೂ ಎಷ್ಟು ಜನ ಸ್ಥಳೀಯರಿಗೆ ಕೆಲಸ ಕೊಟ್ಟಿತೆಂದು ವರ್ಷಕ್ಕೊಮ್ಮೆ ಊರಿನ ಮುಂದೆ ಲೆಕ್ಕ ಒಪ್ಪಿಸಬೇಕು. ಒಪ್ಪಿಸದವರಿಂದ ಭೂಮಿ ಮರಳಿ ಪಡೆಯಬೇಕು.

ಕಮರಿಪೇಟೆಯ ತರುಣರಿಗೆ ಕೊನೆಯದಾಗಿ ಒಂದು ಮಾತು. ರಿಝರ್ವ್ ಬ್ಯಾಂಕಿನ ಮುಂದಿನ ಪ್ರಕಟಣೆಯ ದಿನ ಮೊಬೈಲಿನಲ್ಲಿ ಸೂಚ್ಯಂಕ ನೋಡುವ ಮೊದಲು ಮನೆಯಲ್ಲಿ ಅವ್ವನ ಸಂಘದ ಪುಸ್ತಕ ತೆಗೆದು ನೋಡಿರಿ. ಅದರಲ್ಲಿ ಬರೆದ ಬಡ್ಡಿ ಎಷ್ಟು, ರಿಝರ್ವ್ ಬ್ಯಾಂಕಿನ ಬಡ್ಡಿ ಎಷ್ಟು, ನಡುವಿನ ಹಣ ಯಾರ ಮನೆ ಸೇರಿತು ಎಂದು ಲೆಕ್ಕ ಹಾಕಿರಿ. ಬಳಿಕ ಓಣಿಯ ನಾಲ್ಕು ಜನರನ್ನು ಕೂಡಿಸಿಕೊಂಡು ಆ ಲೆಕ್ಕವನ್ನು ನಿಮ್ಮ ಶಾಸಕರಿಗೂ ಪಾರ್ಲಿಮೆಂಟ್ ಸದಸ್ಯರಿಗೂ ಒಯ್ದು ಕೇಳಿರಿ. ಪಂದ್ಯ ಕಟ್ಟಿ ಒಬ್ಬ ಗೆದ್ದರೆ ಹತ್ತು ಮನೆ ಸೋಲುತ್ತವೆ. ಒಂದುಗೂಡಿ ಕೇಳಿ ಬಡ್ಡಿ ಇಳಿಸಿಕೊಂಡರೆ ಓಣಿಗೆ ಓಣಿಯೇ ಗೆಲ್ಲುತ್ತದೆ.